ಕೈಗೆ ಕಟ್ಟಿದ ಕೆಂಪು ದಾರ

ಕರಾವಳಿಯ ನಾಡದೋಣಿಗಳಿಗೆ ಸೀಮೆಎಣ್ಣೆ ಸಿಗುತ್ತಿಲ್ಲ ಅನ್ನೋ ಸುದ್ದಿಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಸರ್ಕಾರ ಬದಲಾಗುತ್ತೆ, ಮಂತ್ರಿ ಬದಲಾಗ್ತಾರೆ, ಆ ಸುದ್ದಿ ಮಾತ್ರ ಬದಲಾಗೋದಿಲ್ಲ. ‘ಔಟ್‌ಬೋರ್ಡ್ ಇಂಜಿನ್ ದೋಣಿಗಳು ದಡದಲ್ಲೇ ಉಳಿದಿವೆ’ ಅಂತ ಎದುರಿನ ಪರದೆ ಮೇಲೆ ಅಕ್ಷರ ಓಡುತ್ತೆ. ನಾನು ಮುಖ ಗಂಭೀರ ಮಾಡಿಕೊಂಡು ಓದುತ್ತೇನೆ, ಮುಂದಿನ ಸುದ್ದಿಗೆ ಹೋಗುತ್ತೇನೆ. ಈ ಔಟ್‌ಬೋರ್ಡ್ ಇಂಜಿನ್ ಅಂದರೆ ಏನು, ಎಲ್ಲಿಂದ ಬಂತು, ಯಾರು ಮಾಡಿದರು? ಸತ್ಯ ಹೇಳ್ತೀನಿ, ನನಗೆ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ. ಅಲ್ಲಿ ನನ್ನ ಗೆಳೆಯನೊಬ್ಬ ಇದ್ದಾನೆ. ಗಂಗೊಳ್ಳಿ ಕಡೆಯವನು, ಪಿಯುಸಿಯಲ್ಲಿ ನನ್ನ ಹಾಸ್ಟೆಲ್ ರೂಮ್‌ಮೇಟ್. ಅಪ್ಪನದು ನಾಡದೋಣಿ. ಹುಟ್ಟು ಹಾಕಿ ಹಾಕಿ ಅಪ್ಪನ ಅಂಗೈ ಒರಟಾಗಿದ್ದನ್ನೂ, ಆಮೇಲೊಂದು ದಿನ ದೋಣಿಯ ಹಿಂದೆ ಇಂಜಿನ್ ಬಂದು ಕೂತಿದ್ದನ್ನೂ ನೋಡಿ ಬೆಳೆದವನು. ಒಂದು ರಾತ್ರಿ ಫೋನ್ ಮಾಡಿದ. ‘ನಾನೊಂದು ಹಳೇ ಸ್ಪೀಡ್ ಬೋಟ್ ತಗೊಂಡೆ ಮಾರಾಯ. ನನ್ನದೇ ಪ್ರಾಯ ಅದಕ್ಕೂ. ನೀನು ಬಂದರೆ ಕೂರಿಸಿಕೊಂಡು ಹೋಗ್ತೇನೆ’ ಅಂದ.

ನನಗೆ ಈಜು ಬರೋದಿಲ್ಲ. ಆದರೂ ಹೋದೆ.

ವಿಮಾನ ಇಳಿದದ್ದು ಮಿಲ್ವಾಕಿಯಲ್ಲಿ. ಬೋಟ್ ಇರೋ ಊರಿಗೆ ಹೋಗೋ ಮೊದಲು ಅವನು ಕಾರನ್ನು ಪಶ್ಚಿಮಕ್ಕೆ ತಿರುಗಿಸಿ ಒಂದು ಸರೋವರದ ದಡದಲ್ಲಿ ನಿಲ್ಲಿಸಿದ. ಒಕಾಚೀ ಅಂತ ಹೆಸರು. ‘ಇಲ್ಲಿ ಎಂತ ಉಂಟು?’ ಅಂತ ಅವನದೇ ಭಾಷೆಯಲ್ಲಿ ಕೇಳಿದೆ. ‘ಬೋಟ್ ಆಮೇಲೆ. ಮೊದಲು ಐಸ್‌ಕ್ರೀಮ್’ ಅಂದ.

ಕಥೆ ಶುರುವಾಗೋದೇ ಐಸ್‌ಕ್ರೀಮ್‌ನಿಂದ.

ಓಲೆ ಎವಿನ್‌ರೂಡ್ ಅಂತ ಒಬ್ಬ. ಹುಟ್ಟಿದ್ದು 1877ರಲ್ಲಿ, ನಾರ್ವೆಯಲ್ಲಿ. ಮಗುವಾಗಿದ್ದಾಗಲೇ ಮನೆಯವರ ಜೊತೆ ಹಡಗು ಹತ್ತಿ ವಿಸ್ಕಾನ್ಸಿನ್‌ಗೆ ಬಂದವನು. ಶಾಲೆ ಹೆಚ್ಚು ಓದಲಿಲ್ಲ, ಯಂತ್ರ ಓದಿದ. 1906ರ ಬೇಸಿಗೆಯ ಒಂದು ದಿನ ಒಕಾಚೀ ಸರೋವರಕ್ಕೆ ಪಿಕ್‌ನಿಕ್ ಹೋಗಿದ್ದಾನೆ. ಜೊತೆಯಲ್ಲಿ ಅವನು ಮದುವೆಯಾಗಬೇಕೆಂದಿದ್ದ ಹುಡುಗಿ, ಬೆಸ್ ಕ್ಯಾರಿ. ಆಕೆಗೆ ಐಸ್‌ಕ್ರೀಮ್ ಬೇಕು ಅನ್ನಿಸಿತು. ಅಂಗಡಿ ಇರೋದು ಆಚೆ ದಡದಲ್ಲಿ. ಓಲೆ ದೋಣಿ ಹತ್ತಿ ಹುಟ್ಟು ಹಾಕುತ್ತಾ ಹೋದ, ಐಸ್‌ಕ್ರೀಮ್ ಕೊಂಡ, ಹುಟ್ಟು ಹಾಕುತ್ತಾ ವಾಪಸ್ ಬಂದ. ಬರುವಷ್ಟರಲ್ಲಿ ಐಸ್‌ಕ್ರೀಮ್ ಕರಗಿ ನೀರಾಗಿತ್ತು. ‘ದೋಣಿಗೆ ಒಂದು ಮೋಟಾರ್ ಇದ್ದಿದ್ದರೆ!’ ಅನ್ನೋ ಯೋಚನೆ ಅವನ ತಲೆಗೆ ಬಂದದ್ದು ಆಗ ಅಂತ ಇವತ್ತಿಗೂ ಅಲ್ಲಿ ಹೇಳ್ತಾರೆ.

ನೋಡಿ, ಇತಿಹಾಸ ಹೇಳುವಾಗ ಒಂದು ಎಚ್ಚರ ಬೇಕು. ದೋಣಿಯ ಹಿಂದೆ ಇಂಜಿನ್ ನೇತು ಹಾಕಿದ ಮೊದಲಿಗ ಓಲೆ ಅಲ್ಲ. ಅವನಿಗಿಂತ ಮೊದಲೇ ಕ್ಯಾಮರಾನ್ ವಾಟರ್‌ಮನ್ ಎಂಬಾತ ಮಾಡಿ ಮಾರುತ್ತಿದ್ದ. ಆದರೆ ಜನ ನಂಬಿ ಕೊಳ್ಳುವಂಥ ಯಂತ್ರವಾಗಿ ಅದನ್ನು ನಿಲ್ಲಿಸಿದ್ದು ಓಲೆ. ಅವನು ಮೊದಲು ತೋರಿಸಿದಾಗ ಬೆಸ್ ಅದನ್ನು ಕಾಫಿ ಬೀಜ ಪುಡಿ ಮಾಡುವ ಮಿಷನ್ ಥರಾ ಇದೆ ಅಂದಳಂತೆ. 1909ರಲ್ಲಿ ಮಾರಾಟಕ್ಕೆ ಬಂದ ಇಂಜಿನ್ ಒಂದೂವರೆ ಅಶ್ವಶಕ್ತಿಯದು. ತೂಕ 62 ಪೌಂಡ್, ಅಂದರೆ 28 ಕಿಲೋ. ಬೆಲೆಯೂ 62 ಡಾಲರ್!

ಔಟ್‌ಬೋರ್ಡ್ ಅಂದರೆ ಇಷ್ಟೇ. ಇಂಜಿನ್ ದೋಣಿಯ ಹೊಟ್ಟೆಯೊಳಗೆ ಇರೋದಿಲ್ಲ, ಹಿಂಭಾಗದ ಹಲಗೆಯ ಮೇಲೆ ಹೊರಗೆ ನೇತಾಡುತ್ತೆ. ಇಂಜಿನ್ ಮೇಲೆ, ಪ್ರೊಪೆಲರ್ ಕೆಳಗೆ ನೀರಿನಲ್ಲಿ. ಬೇರೆ ಚುಕ್ಕಾಣಿ ಬೇಡ, ಇಡೀ ಇಂಜಿನ್ನನ್ನೇ ತಿರುಗಿಸಿದರೆ ದೋಣಿ ತಿರುಗುತ್ತೆ. ಸಂಜೆ ಬಿಚ್ಚಿಕೊಂಡು ಮನೆಗೆ ಒಯ್ಯಬಹುದು. ಬಡವನ ಹಳೇ ದೋಣಿಯನ್ನೂ ಒಂದು ನಿಮಿಷದಲ್ಲಿ ಮೋಟಾರ್ ದೋಣಿ ಮಾಡಬಹುದು. ಗಂಗೊಳ್ಳಿಯ ಅಪ್ಪನ ದೋಣಿಗೆ ಬಂದು ಕೂತದ್ದು ಇದೇ ಉಪಾಯ.

ಇದನ್ನು ಜಗತ್ತಿಗೆ ಮಾರಿದ್ದು ಯಾರು ಗೊತ್ತಾ? ಬೆಸ್. ಲೆಕ್ಕಪತ್ರ ಆಕೆಯದು, ಜಾಹೀರಾತು ಆಕೆಯದು. ಹುಟ್ಟು ಹಾಕೋದು ಸಾಕು, ಎಸೆದುಬಿಡಿ ಅನ್ನೋ ಅರ್ಥದ ಜಾಹೀರಾತು ಬರೆದಳು, ಆರ್ಡರ್‌ಗಳು ಬಂದವು. ದುಡಿದು ದುಡಿದು ಆಕೆಯ ಆರೋಗ್ಯ ಕೆಟ್ಟಿತು. ಓಲೆ ಏನು ಮಾಡಿದ? 1914ರಲ್ಲಿ ತನ್ನ ಹೆಸರಿನ ಕಂಪನಿಯ ಪಾಲನ್ನೇ ಮಾರಿ, ಹೆಂಡತಿಯನ್ನು ನೋಡಿಕೊಳ್ಳಲು ಹೊರಟ. 1921ರಲ್ಲಿ ಇಬ್ಬರೂ ವಾಪಸ್ ಬಂದು ಅಲ್ಯೂಮಿನಿಯಂನ ಹಗುರ ಇಂಜಿನ್ ತಂದರು. ಹೊಸ ಕಂಪನಿಯ ಹೆಸರು ಎಲ್ಟೊ. 1933ರಲ್ಲಿ ಬೆಸ್ ತೀರಿಕೊಂಡಳು. ಮರುವರ್ಷ ಓಲೆ ಹೋದ.

ಐಸ್‌ಕ್ರೀಮ್ ತಿಂದಾಯಿತು. ಕಾರು ಉತ್ತರಕ್ಕೆ ಹೊರಟಿತು. ಫಾಂಡ್ ಡು ಲ್ಯಾಕ್ ಅನ್ನೋ ಊರು, ಅದರ ಪಕ್ಕದಲ್ಲಿ ವಿನ್ನಬೇಗೊ ಸರೋವರ. ಆಳ ಕಡಿಮೆ, ವಿಸ್ತಾರ ಜಾಸ್ತಿ. ನಿಂತು ನೋಡಿದರೆ ಸಮುದ್ರವೇ. ಗೆಳೆಯನ ಬೋಟ್ ಅಲ್ಲಿತ್ತು. ಆ ಊರಲ್ಲೇ ಕಥೆಯ ಎರಡನೇ ನಾಯಕನ ಕಂಪನಿಯೂ ಇದೆ.

ಅವನು ಕಾರ್ಲ್ ಕೀಕ್‌ಹೇಫರ್. ಓಲೆ ಮೃದು ಮನುಷ್ಯನಾದರೆ ಇವನು ಬೆಂಕಿ. 1939ರಲ್ಲಿ ಸೀಡರ್‌ಬರ್ಗ್ ಅನ್ನೋ ಊರಲ್ಲಿ ದಿವಾಳಿಯಾಗಿದ್ದ ಒಂದು ಕಾರ್ಖಾನೆ ಕೊಂಡ. ಔಟ್‌ಬೋರ್ಡ್ ಮಾಡುವ ಆಸೆಯೇ ಅವನಿಗಿರಲಿಲ್ಲ. ಆದರೆ ಗೋದಾಮಿನಲ್ಲಿ, ಗಿರಾಕಿ ಬೇಡ ಅಂತ ತಿರಸ್ಕರಿಸಿದ ಮುನ್ನೂರಕ್ಕೂ ಹೆಚ್ಚು ಕೆಟ್ಟ ಇಂಜಿನ್‌ಗಳು ಬಿದ್ದಿದ್ದವು. ಕೈಯಲ್ಲಿ ಕಾಸಿಲ್ಲ. ಬಿಚ್ಚಿ, ರಿಪೇರಿ ಮಾಡಿ, ತಿರಸ್ಕರಿಸಿದವರಿಗೇ ಮತ್ತೆ ಮಾರಿದ! ಅವರು ಇನ್ನೂ ಬೇಕು ಅಂದರು. ಮರ್ಕ್ಯುರಿ ಹುಟ್ಟಿದ್ದು ಹೀಗೆ.

ಅಲ್ಲಿಂದ ಮುಂದೆ ಅಶ್ವಶಕ್ತಿಯ ಯುದ್ಧ. ಒಂದು ಕಡೆ ಎವಿನ್‌ರೂಡ್ ಮತ್ತು ಜಾನ್ಸನ್, ಇನ್ನೊಂದು ಕಡೆ ಮರ್ಕ್ಯುರಿ. 1957ರಲ್ಲಿ ಕೀಕ್‌ಹೇಫರ್ ಒಂದರ ಮೇಲೊಂದು ಆರು ಸಿಲಿಂಡರ್ ಜೋಡಿಸಿದ 60 ಅಶ್ವಶಕ್ತಿಯ ಇಂಜಿನ್ ತಂದ. ಗೂಢಚಾರರ ಕಣ್ಣಿಗೆ ಬೀಳಬಾರದು ಅಂತ ಫ್ಲಾರಿಡಾದಲ್ಲಿ ಒಂದು ಸರೋವರದಲ್ಲೇ ಗುಟ್ಟಾಗಿ ಪರೀಕ್ಷಾ ಕೇಂದ್ರ ಮಾಡಿದ. ಅದಕ್ಕೆ ಇಟ್ಟ ಹೆಸರು ‘ಲೇಕ್ ಎಕ್ಸ್’. ಅಲ್ಲಿ ಇಂಜಿನ್ ನಿಲ್ಲಿಸದೆ, ಓಡುವ ದೋಣಿಗೇ ಪೆಟ್ರೋಲ್ ತುಂಬಿಸುತ್ತಾ 25,000 ಮೈಲಿ ಓಡಿಸಿದ. ಅಂದರೆ ಭೂಮಿಗೆ ಒಂದು ಸುತ್ತು! 1958ರಲ್ಲಿ ಸಿಯಾಟಲ್‌ನ ಹ್ಯೂ ಎಂಟ್ರಪ್ ಔಟ್‌ಬೋರ್ಡ್ ದೋಣಿಯಲ್ಲಿ ಗಂಟೆಗೆ 107 ಮೈಲಿ ಓಡಿದ. ನಮ್ಮ ಲೆಕ್ಕದಲ್ಲಿ 170 ಕಿಲೋಮೀಟರ್ ದಾಟಿತು. 1962ರಲ್ಲಿ ಮರ್ಕ್ಯುರಿಯ ಇಂಜಿನ್ 100 ಅಶ್ವಶಕ್ತಿ ಮುಟ್ಟಿತು. 1976ರ ಹೊತ್ತಿಗೆ ಎರಡೂ ಬಣಗಳು ಆರು ಸಿಲಿಂಡರ್‌ನ ವಿ-6 ತಂದು 175, 200 ಅನ್ನತೊಡಗಿದವು. ಒಂದೂವರೆಯಿಂದ 200ಕ್ಕೆ ಬರಲು 70 ವರ್ಷವೂ ಬೇಕಾಗಲಿಲ್ಲ.

ಈ ಹುಚ್ಚು ಎಲ್ಲಿವರೆಗೆ ಹೋಯಿತು ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. ಮರ ಕೊಯ್ಯುವ ಗರಗಸದ ಯಂತ್ರಗಳಿಂದ ಶ್ರೀಮಂತನಾದ ರಾಬರ್ಟ್ ಮೆಕಲಕ್ ಅನ್ನೋನು ಔಟ್‌ಬೋರ್ಡ್ ವ್ಯಾಪಾರಕ್ಕೂ ಇಳಿದ. ಇಂಜಿನ್ ಪರೀಕ್ಷೆ ಮಾಡಲು ನೀರು ಹುಡುಕಿಕೊಂಡು ಅರಿಜೋನಾದ ಮರುಭೂಮಿಯ ಲೇಕ್ ಹವಾಸುಗೆ ಬಂದ. ನೀರು ನೋಡಿದವನು ಪಕ್ಕದಲ್ಲೇ ಒಂದು ಊರು ಕಟ್ಟಿದ. ಊರಿಗೆ ಜನ ಬರಲಿ ಅಂತ 1968ರಲ್ಲಿ ಲಂಡನ್ ಸೇತುವೆಯನ್ನು ಸುಮಾರು 24.6 ಲಕ್ಷ ಡಾಲರ್ ಕೊಟ್ಟು ಖರೀದಿಸಿ, ಕಲ್ಲು ಕಲ್ಲು ಬಿಚ್ಚಿಸಿ, ಮರುಭೂಮಿಗೆ ತರಿಸಿ ನಿಲ್ಲಿಸಿದ. ಥೇಮ್ಸ್ ನದಿಯ ಸೇತುವೆ ಇವತ್ತಿಗೂ ಅರಿಜೋನಾದಲ್ಲಿದೆ.

ಇಂಜಿನ್ ಬೆಳೆಯಿತು ಸರಿ, ದೋಣಿ? ದೋಣಿ ಇನ್ನಷ್ಟು ಹಗುರವಾಯಿತು. ಮರ ಹೋಗಿ ಫೈಬರ್ ಬಂತು. 1970ರ ದಶಕದಲ್ಲಿ 15ರಿಂದ 18 ಅಡಿಯ ಪುಟ್ಟ ದೋಣಿಗಳು ಬಂದವು. ಅವುಗಳ ತಳದ ಹಿಂಭಾಗದಲ್ಲಿ ಒಂದು ಕಿರಿದಾದ ಚಪ್ಪಟೆ ಪಟ್ಟಿ ಇರುತ್ತೆ. ವೇಗ ಏರಿದಂತೆ ದೋಣಿ ನೀರಿನಿಂದ ಮೇಲೆದ್ದು, ಕೊನೆಗೆ ಆ ಪಟ್ಟಿಯೊಂದೇ ನೀರಿಗೆ ತಾಗಿಕೊಂಡಿರುತ್ತೆ. ಉಳಿದದ್ದೆಲ್ಲ ಗಾಳಿಯಲ್ಲಿ. ಇವತ್ತು ಅಮೆರಿಕದಲ್ಲಿ ಹಳೇ ಸ್ಪೀಡ್ ಬೋಟ್ ಪ್ರಿಯರು ಹುಡುಕಿಕೊಂಡು ಹೋಗೋದು ಈ ದೋಣಿಗಳನ್ನೇ.

ಅಂಥದ್ದೊಂದನ್ನು ನನ್ನ ಗೆಳೆಯ ಕೊಂಡಿದ್ದ. ಒಂದೇ ಸಲಕ್ಕೆ ಸಿಗಲಿಲ್ಲ. ಮೊದಲು ನೋಡಿದ ಬೋಟ್ ಕನ್ನಡಿಯಂತೆ ಹೊಳೆಯುತ್ತಿತ್ತಂತೆ. ದುಡ್ಡು ಎಣಿಸಬೇಕು ಅನ್ನೋ ಹೊತ್ತಿಗೆ, ಅವನ ಪಕ್ಕದ ಮನೆಯ ಅಜ್ಜ ಒಂದು ಕೆಲಸ ಮಾಡಿದರು. ಯೌವನದಲ್ಲಿ ಬೋಟ್ ರೇಸ್ ಓಡಿಸಿದವರು. ಇಂಜಿನ್ ನೇತಾಡುವ ಹಿಂದಿನ ಹಲಗೆಯನ್ನು, ಅದಕ್ಕೆ ಟ್ರಾನ್ಸಮ್ ಅಂತಾರೆ, ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋದರು. ಟಕ್, ಟಕ್, ಟಕ್, ಆಮೇಲೆ ಥಪ್. ಹೊರಗೆ ಫೈಬರ್, ಒಳಗೆ ಪ್ಲೈವುಡ್. ಹಳೆಯ ತೂತುಗಳಿಂದ ನೀರು ಇಳಿದು ಒಳಗಿನ ಮರ ಕೊಳೆತಿತ್ತು. ‘ಹಲಸಿನಹಣ್ಣು ತಟ್ಟಿ ನೋಡ್ತೇವಲ್ಲ ಮಾರಾಯ, ಹಾಗೇ’ ಅಂದ ಗೆಳೆಯ. ಅಂಥ ಹಲಗೆಗೆ 150 ಅಶ್ವಶಕ್ತಿಯ ಇಂಜಿನ್ ಕಟ್ಟಿಕೊಂಡು ಹೊರಟರೆ, ಒಂದು ದಿನ ಇಂಜಿನ್ನೇ ಕಿತ್ತು ನೀರಿಗೆ ಹೋಗುತ್ತೆ.

ಎರಡನೆಯದರಲ್ಲಿ ಹಲಗೆ ಗಟ್ಟಿ. ಆದರೆ ಸಿಲಿಂಡರ್‌ಗಳ ಕಂಪ್ರೆಷನ್ ಅಳೆದಾಗ ಐದು ಒಂದೇ ಸಮ, ಆರನೆಯದು ತುಂಬಾ ಕಡಿಮೆ. ಬೇಡ ಅಂದರು ಅಜ್ಜ. ಮೂರನೆಯದಕ್ಕೆ ಬಣ್ಣ ಮಾಸಿತ್ತು, ಸೀಟು ಹರಿದಿತ್ತು. ಹಲಗೆ ಟಕ್ ಅಂತು, ಆರೂ ಸಿಲಿಂಡರ್ ಹೆಚ್ಚುಕಮ್ಮಿ ಒಂದೇ ಅಂಕಿ ತೋರಿಸಿದವು. ಅಜ್ಜ ಆಮೇಲೆ ಹುಡುಕಿದ್ದು ಒಂದು ತಗಡಿನ ಚೂರನ್ನು. 1971ರಲ್ಲಿ ಅಮೆರಿಕ ದೋಣಿ ಸುರಕ್ಷತೆಯ ಕಾನೂನು ಮಾಡಿತು. 1972ರ ನವೆಂಬರ್‌ನಿಂದ 20 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಎಷ್ಟು ಜನ, ಎಷ್ಟು ತೂಕ, ಗರಿಷ್ಠ ಎಷ್ಟು ಅಶ್ವಶಕ್ತಿ ಅಂತ ಬರೆದ ಫಲಕ ಹಾಕಲೇಬೇಕಾಯಿತು. ಆ ಫಲಕ ಇತ್ತು, ಇಂಜಿನ್ ಅದರ ಮಿತಿಯೊಳಗಿತ್ತು. ಕೊಂಡರು.

ಕೊಂಡಮೇಲೆ ಮೂರು ತಿಂಗಳು ಅದು ನೀರು ನೋಡಲಿಲ್ಲ. ಟ್ಯಾಂಕಿನಲ್ಲಿ ಅಂಟಾಗಿದ್ದ ಹಳೇ ಪೆಟ್ರೋಲ್ ತೆಗೆದದ್ದು, ಇಂಜಿನ್ ತಣ್ಣಗಿಡುವ ನೀರಿನ ಪಂಪಿನ ರಬ್ಬರ್ ಬದಲಿಸಿದ್ದು, ಸಡಿಲವಾದ ಸ್ಟೀರಿಂಗ್ ಕೇಬಲ್ ಕಿತ್ತು ಎರಡು ಕೇಬಲ್ ಹಾಕಿದ್ದು, ಹೀಗೆ ಕೆಲಸವೋ ಕೆಲಸ. ಇದು ನಮ್ಮ ಹಳೇ ಯೆಜ್ಡಿ ಬೈಕಿನಂತೆ ಟೂ-ಸ್ಟ್ರೋಕ್, ಪೆಟ್ರೋಲ್‌ಗೆ ಆಯಿಲ್ ಬೆರೆಸಬೇಕು. ಹೊಗೆಯ ಕಾರಣಕ್ಕೆ 1996ರಲ್ಲಿ ಅಮೆರಿಕದ ಪರಿಸರ ಇಲಾಖೆ ನಿಯಮ ತಂದಮೇಲೆ ಇಂಥ ಇಂಜಿನ್‌ಗಳು ಹೊಸದಾಗಿ ಬರೋದು ನಿಲ್ಲುತ್ತಾ ಬಂತು. ಓಲೆಯ ಹೆಸರು ಹೊತ್ತ ಎವಿನ್‌ರೂಡ್ ಇಂಜಿನ್ನಿನ ತಯಾರಿಕೆಯೇ 2020ರಲ್ಲಿ ನಿಂತುಹೋಯಿತು.

‘ಕಲಿಯೋದಕ್ಕೆ ಎಷ್ಟು ದಿನ ಹಿಡೀತು?’ ಅಂತ ಕೇಳಿದೆ.

‘ಸಮುದ್ರದ ಮಗ ನಾನು, ಈ ಕೆರೆ ಯಾವ ಲೆಕ್ಕ ಅಂದ್ಕೊಂಡಿದ್ದೆ’ ಅಂದ. ‘ಮೊದಲ ವಾರವೇ ಸೊಕ್ಕು ಇಳೀತು.’

ಆಗಿದ್ದು ಹೀಗೆ. ಗಂಟೆಗೆ 60 ಮೈಲಿ ಸಮೀಪಿಸುತ್ತಿದ್ದಂತೆ ದೋಣಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಲು ಶುರು ಮಾಡಿತು. ಮೊದಲು ತೊಟ್ಟಿಲಿನ ಹಾಗೆ, ಆಮೇಲೆ ಮೈಮೇಲೆ ಬಂದ ಹಾಗೆ. ತಳವೂ ಪಕ್ಕವೂ ಸೇರುವ ಅಂಚನ್ನು ಇಂಗ್ಲಿಷ್‌ನಲ್ಲಿ ಚೈನ್ ಅಂತಾರೆ, ಸೈಕಲ್ ಚೈನ್ ಅಲ್ಲ. ದೋಣಿ ಆ ಅಂಚುಗಳ ಮೇಲೆ ಒಂದೊಂದೇ ಹೆಜ್ಜೆ ಇಟ್ಟಂತೆ ಓಲಾಡೋದಕ್ಕೆ ‘ಚೈನ್ ವಾಕ್’ ಅಂತ ಹೆಸರು. ಕಿರಿದಾದ ಪಟ್ಟಿಯ ಮೇಲೆ ಇಡೀ ದೋಣಿ ನಿಂತಿರುತ್ತೆ, ಪ್ರೊಪೆಲರ್ ಒಂದು ಕಡೆಗೆ ಎಳೆಯುತ್ತಿರುತ್ತೆ. ಹೆದರಿದ ಚಾಲಕ ಏನು ಮಾಡ್ತಾನೆ? ಸ್ಟೀರಿಂಗ್ ತಿರುಗಿಸ್ತಾನೆ. ದೋಣಿ ಒಂದು ಕಡೆ, ಅವನ ಕೈ ಅದರ ಹಿಂದೆ ಒಂದು ಕ್ಷಣ ತಡವಾಗಿ. ಸರಿಪಡಿಸಲು ಹೋದಷ್ಟೂ ಓಲಾಟ ಹೆಚ್ಚುತ್ತೆ. ಗಾಬರಿಯಲ್ಲಿ ಥ್ರಾಟಲ್ ಪೂರ್ತಿ ಬಿಟ್ಟರೆ ಮೂತಿ ದಬಕ್ಕನೆ ನೀರಿಗೆ ಬಡಿದು ದೋಣಿ ಗಿರ್ರನೆ ತಿರುಗಬಹುದು, ಒಳಗಿದ್ದವನು ಹೊರಗೆ.

ಅವನು ಹೇಗೋ ಮೆಲ್ಲಗೆ ವೇಗ ಇಳಿಸಿ ದಡಕ್ಕೆ ಬಂದ. ಕೈ ನಡುಗುತ್ತಿತ್ತಂತೆ. ಅಜ್ಜ ಬೈಯಲಿಲ್ಲ. ಒಂದು ಬೇಸಿಗೆ ಪೂರ್ತಿ ಪಕ್ಕದಲ್ಲಿ ಯಾರನ್ನೂ ಕೂರಿಸಬೇಡ ಅಂದರು. ದೋಣಿ ಅಲ್ಲಾಡಲು ಶುರುವಾಗುವ ವೇಗ ಯಾವುದು ಅಂತ ಗುರುತಿಟ್ಟುಕೋ, ಅಲ್ಲಿಗೆ ಹೋಗು, ಒಂದು ಕೂದಲಷ್ಟು ವೇಗ ಇಳಿಸು, ಮತ್ತೆ ಹೋಗು. ಅಲ್ಲಾಡಿದ ಮೇಲೆ ತಿದ್ದಬೇಡ, ಅಲ್ಲಾಡೋದಕ್ಕೆ ಮೊದಲೇ ಬೆರಳಿನಷ್ಟು ತಿದ್ದು. ಅವರ ಪಾಠ ಇಷ್ಟೇ. ಅದು ತಲೆಗಲ್ಲ, ಬೆರಳಿಗೆ ಇಳಿಯಬೇಕಾದ ಪಾಠ. ಇಳಿಯೋದಕ್ಕೆ ಒಂದು ಬೇಸಿಗೆ ಸಾಲಲಿಲ್ಲ, ಎರಡು ಹಿಡಿಯಿತು. ನನಗೆ ಬಾ ಅಂತ ಕರೆದದ್ದು ಮೂರನೇ ಬೇಸಿಗೆಯಲ್ಲಿ.

ಬೆಳಗ್ಗೆ ಆರೂವರೆ. ಲೈಫ್ ಜಾಕೆಟ್ ಹಾಕಿಸಿ, ಅದರ ಪಟ್ಟಿಗಳನ್ನು ತಾನೇ ಎಳೆದು ಬಿಗಿ ಮಾಡಿದ. ಆಮೇಲೆ ಇಂಜಿನ್ ಸ್ವಿಚ್ಚಿಗೆ ಸಿಕ್ಕಿಸಿದ್ದ ಒಂದು ಸುರುಳಿ ಸುರುಳಿ ಕೆಂಪು ದಾರ ತೆಗೆದು ತನ್ನ ಕೈಗೆ ಕಟ್ಟಿಕೊಂಡ.

‘ಕೊಲ್ಲೂರಿನ ದಾರವಾ?’ ಅಂತ ತಮಾಷೆ ಮಾಡಿದೆ. ಅವನು ನಗಲಿಲ್ಲ.

‘ನಾನು ನೀರಿಗೆ ಬಿದ್ದರೆ ಈ ದಾರ ಕಿತ್ತುಕೊಂಡು ಬರ್ತದೆ, ಇಂಜಿನ್ ಅಲ್ಲೇ ನಿಲ್ತದೆ. ದಾರ ಇಲ್ಲ ಅಂದರೆ ಎಂತ ಆಗ್ತದೆ ಗೊತ್ತುಂಟಾ? ಇಂಜಿನ್ ತಾನಾಗಿಯೇ ಒಂದು ಕಡೆ ತಿರುಗ್ತದೆ. ದೋಣಿ ಯಾರೂ ಇಲ್ಲದೆ ವೃತ್ತ ಹೊಡೆಯುತ್ತಾ ಬಿದ್ದವನ ಹತ್ತಿರಕ್ಕೇ ಬರ್ತದೆ, ಪ್ರೊಪೆಲರ್ ತಿರುಗಿಸಿಕೊಂಡು.’

ನನ್ನ ಬಾಯಿ ಒಣಗಿತು.

ನೀವೇ ಲೆಕ್ಕ ಹಾಕಿ. ಓಲೆಯ ಇಂಜಿನ್ ಬಂದದ್ದು 1909ರಲ್ಲಿ. ಇಂಥ ದಾರ ಇರುವ ದೋಣಿಯಲ್ಲಿ ಚಾಲಕ ಅದನ್ನು ಕಟ್ಟಿಕೊಂಡೇ ಓಡಿಸಬೇಕು ಅಂತ ಅಮೆರಿಕದ ಕೇಂದ್ರ ಕಾನೂನು ಹೇಳಿದ್ದು 2021ರ ಏಪ್ರಿಲ್ 1ರಿಂದ, ಅದೂ 26 ಅಡಿಗಿಂತ ಚಿಕ್ಕ ದೋಣಿಗಳಿಗೆ. ದಾರ ಅದಕ್ಕೂ ಮುಂಚೆಯೇ ಇತ್ತು, ರೇಸಿನವರು ಕಟ್ಟಿಕೊಳ್ಳುತ್ತಿದ್ದರು. ಉಳಿದವರಿಗೆ ಕಟ್ಟಿಕೊಳ್ಳಿ ಅಂತ ಹೇಳೋದಕ್ಕೆ ನೂರು ವರ್ಷ ಮೀರಿ ಹಿಡಿಯಿತು. ಸ್ವಿಚ್ಚೇ ಇಲ್ಲದ ಹಳೇ ದೋಣಿಗಳಿಗೆ ಈಗಲೂ ವಿನಾಯಿತಿ ಇದೆ. ನನ್ನ ಗೆಳೆಯನ ದೋಣಿಗೂ ಇತ್ತು. ‘ಕಾನೂನು ವಿನಾಯಿತಿ ಕೊಡ್ತದೆ, ನೀರು ಕೊಡೋದಿಲ್ಲ’ ಅಂತ ಅಜ್ಜ ಮೊದಲ ದಿನವೇ ಸ್ವಿಚ್ ಹಾಕಿಸಿದ್ದರು.

ದೋಣಿ ಹೊರಟಿತು. ಮೊದಲು ಮೂತಿ ಎತ್ತಿತು, ಆಮೇಲೆ ನೆಲಕ್ಕೆ ಇಸ್ತ್ರಿ ಹಾಕಿದಂತೆ ಸಪಾಟಾಯಿತು. 40, 50, 60. ನೀರಿನ ಸದ್ದು ನಿಂತೇಹೋಯಿತು, ಉಳಿದದ್ದು ಇಂಜಿನ್ ಮತ್ತು ಗಾಳಿ. ಸೀಟಿನ ಕೆಳಗೆ ಒಂದು ಸಣ್ಣ ನಡುಕ ಬಂತು. ನಾನು ಅವನ ಕೈ ನೋಡಿದೆ. ಸ್ಟೀರಿಂಗ್ ತಿರುಗಿದ್ದೇ ಕಾಣಲಿಲ್ಲ, ಬೆರಳು ಮಾತ್ರ ಮಿಸುಕಿದವು. ನಡುಕ ಹೋಯಿತು. 70 ಮುಟ್ಟಿದಾಗ ದೂರದಲ್ಲಿ ಗಾಳಿಗೆ ನೀರು ಕಪ್ಪಾಗಿದ್ದು ಕಾಣಿಸಿತು, ಅಲೆ ಏಳುತ್ತಿತ್ತು. ಇನ್ನೂ ಹೋಗಬಹುದಿತ್ತು. ಅವನು ಮೆಲ್ಲಗೆ ವೇಗ ಇಳಿಸಿ ತಿರುಗಿಸಿಬಿಟ್ಟ.

‘ಎರಡು ವರ್ಷ ಕಲಿತದ್ದು ಇದನ್ನೇ’ ಅಂದ, ಇಂಜಿನ್ ನಿಂತ ಮೇಲೆ. ‘ಓಡಿಸೋದು ಮೊದಲ ದಿನವೇ ಬರ್ತದೆ.’

ದಡದಲ್ಲಿ ಕೂತು ಕಾಫಿ ಕುಡಿಯುವಾಗ ಅಪ್ಪನ ಮಾತು ಬಂತು. ದೋಣಿಗೆ ಇಂಜಿನ್ ಬಂದ ಮೊದಲ ಮಳೆಗಾಲ ಅಪ್ಪ ಹುಟ್ಟುಗಳನ್ನು ಮನೆಯಲ್ಲಿ ಬಿಡಲಿಲ್ಲವಂತೆ. ಊರಿನ ಹುಡುಗರು ನಗುತ್ತಿದ್ದರು, ಇಂಜಿನ್ ಇರುವಾಗ ಹುಟ್ಟು ಯಾಕೆ ಅಂತ. ಅಪ್ಪ ಉತ್ತರ ಕೊಡಲಿಲ್ಲ, ದಿನಾ ಹೊತ್ತುಕೊಂಡು ಹೋಗಿ ದೋಣಿಯಲ್ಲಿ ಇಡುತ್ತಿದ್ದರು. ‘ಆಗ ನನಗೂ ನಾಚಿಕೆ ಆಗ್ತಿತ್ತು ಮಾರಾಯ’ ಅಂದ ಗೆಳೆಯ, ಕೈಯಲ್ಲಿನ್ನೂ ಇದ್ದ ಕೆಂಪು ದಾರವನ್ನು ಬಿಚ್ಚುತ್ತಾ.

ಬೆಂಗಳೂರಿಗೆ ಬಂದ ಕೆಲವೇ ದಿನಕ್ಕೆ ಸೀಮೆಎಣ್ಣೆಯ ಸುದ್ದಿ ಮತ್ತೆ ಬಂತು. ಅದೇ ವಾಕ್ಯ, ಅದೇ ದಡ, ಅದೇ ದೋಣಿಗಳು. ಈ ಸಲ ಮುಂದಿನ ಸುದ್ದಿಗೆ ಹೋಗುವ ಮೊದಲು ನಮ್ಮ ಕರಾವಳಿಯ ವರದಿಗಾರನನ್ನು ನೇರಪ್ರಸಾರದಲ್ಲಿ ಎರಡು ಪ್ರಶ್ನೆ ಕೇಳಿದೆ. ಸೀಮೆಎಣ್ಣೆ ಎಷ್ಟು ಬರಬೇಕಿತ್ತು, ಎಷ್ಟು ಬಂದಿದೆ? ಇನ್ನೊಂದು, ಸಮುದ್ರಕ್ಕೆ ಹೋಗುವವರಲ್ಲಿ ಎಷ್ಟು ಜನ ಲೈಫ್ ಜಾಕೆಟ್ ಹಾಕ್ತಾರೆ, ಇಂಜಿನ್ನಿನ ದಾರ ಕೈಗೆ ಕಟ್ಟಿಕೊಳ್ತಾರೆ?

ಮೊದಲ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇತ್ತು. ಎರಡನೆಯದಕ್ಕೆ ಅವನು ಒಂದು ಕ್ಷಣ ಸುಮ್ಮನಿದ್ದ. ‘ಸರ್, ಯಾವ ದಾರ?’ ಅಂದ.